ಇಂಟರ್‌ವ್ಯೂಗೆ ಉಡಿಸಿದ ಸೀರೆ

ಮಿಲ್ಲಿನ ಸೈರನ್ ಕೂಗುವ ಹೊತ್ತಿಗೆ ನಾನು ನಲ್ಲಿಯ ಕೆಳಗೆ ಕೊಡ ಇಟ್ಟಾಗಿತ್ತು. ಭದ್ರಾವತಿಯ ಕಾಗದನಗರದ ನಮ್ಮ ಕ್ವಾರ್ಟರ್ಸಿನಲ್ಲಿ ನೀರು ಬರುವುದೂ ಗಂಡಸರು ಮೊದಲ ಪಾಳಿಗೆ ಸೈಕಲ್ ಇಳಿಸುವುದೂ ಒಂದೇ ಸಮಯಕ್ಕೆ. ನಮ್ಮವರು ಡಬ್ಬಿ ತೆಗೆದುಕೊಂಡು ಹೋದರು. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟೆ. ಮಗಳ ಸ್ಕೂಲಿನ ಸಾಕ್ಸ್‌ನಲ್ಲಿ ಒಂದು ಸಿಗಲಿಲ್ಲ. ಹುಡುಕಿದರೆ ಅದು ಒಗೆದು, ಮಡಿಸಿ, ಇನ್ನೊಂದು ಜೊತೆಯ ಮೇಲೆ ಕೂತಿತ್ತು. ಅದು ನಾದಿನಿಯ ಕೆಲಸ. ಹಿಂದಿನ ದಿನ ಸಂಜೆ ಬಂದವಳು ನನಗಿಂತ ಮೊದಲೇ ಎದ್ದು ಅಂಗಳ ಗುಡಿಸಿ, ತಾನು ಮಲಗಿದ್ದ ಹಾಸಿಗೆಯನ್ನು ಯಾರೂ ಮಲಗಿಯೇ ಇಲ್ಲವೇನೋ ಎಂಬಂತೆ ಸುತ್ತಿಟ್ಟಿದ್ದಳು. ಕಾಫಿ ಕೊಟ್ಟರೆ ಕುಡಿದು ಮುಗಿಯುವ ಮೊದಲೇ ಲೋಟ ತೊಳೆಯಲು ಎದ್ದಳು.

"ಕೂತ್ಕೊಂಡು ಕುಡಿಯೇ ಮಾರಾಯ್ತಿ, ಬಸ್ಸಿಗೆ ಇನ್ನೂ ಟೈಮಿದೆ" ಎಂದೆ.

"ಕುಡಿದಾಯ್ತಲ್ಲ ಅತ್ತಿಗೆ" ಎಂದಳು. ಲೋಟ ಆಗಲೇ ಬೋರಲಾಗಿತ್ತು.

ನಾದಿನಿ ಎಂದರೆ ನಮ್ಮವರ ಚಿಕ್ಕಪ್ಪನ ಮಗಳು. ಅವರ ಮನೆ ಜನ್ನಾಪುರದಲ್ಲಿ, ಸಾಲುಮನೆಗಳ ಕೊನೆಯಲ್ಲಿ ಒಂದು ಕೋಣೆ ಮತ್ತು ಒಂದು ಒಲೆಕಟ್ಟೆ. ಚಿಕ್ಕಮಾವ ಫ್ಯಾಕ್ಟರಿಯಲ್ಲಿ ಗುತ್ತಿಗೆ ಮೇಸ್ತ್ರಿಯ ಕೈಕೆಳಗೆ ಕೂಲಿಗಿದ್ದರು. ಗುತ್ತಿಗೆ ಮುಗಿದ ಮೇಲೆ ಕೆಲಸವೂ ಮುಗಿಯಿತು, ಅದರ ಹಿಂದೆಯೇ ಉಬ್ಬಸ ಬಂದು ಸೇರಿಕೊಂಡಿತು. ಚಿಕ್ಕತ್ತೆ ಮದುವೆ ಮನೆಗಳ ಅಡುಗೆಯವರ ಜೊತೆ ತರಕಾರಿ ಹೆಚ್ಚಲು ಹೋಗುತ್ತಿದ್ದರು. ಈ ಹುಡುಗಿ ಪಿಯುಸಿ ಮುಗಿಸಿ, ಟೈಪಿಂಗ್ ಪಾಸು ಮಾಡಿ, ಶಿವಮೊಗ್ಗದ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿ, ಆ ಕಾರ್ಡನ್ನು ತಪ್ಪದೆ ನವೀಕರಿಸುತ್ತಾ ವರ್ಷಗಳಿಂದ ಕಾಯುತ್ತಿದ್ದಳು. ಒಂದು ಕರೆಯೂ ಬಂದಿರಲಿಲ್ಲ.

ಆ ವರ್ಷ ಸರ್ಕಾರದ್ದೊಂದು ಹೊಸ ಯೋಜನೆ ಬಂತು. ಟೈಪಿಂಗ್ ಇನ್‌ಸ್ಟಿಟ್ಯೂಟುಗಳ ಬೋರ್ಡಿನಲ್ಲಿ ಕಂಪ್ಯೂಟರ್ ಎನ್ನುವ ಪದವೂ ಸೇರಿಕೊಳ್ಳುತ್ತಿದ್ದ ಕಾಲ ಅದು. ಓದಿಯೂ ಕೆಲಸವಿಲ್ಲದೆ ಕೂತ ಬಡಮನೆಯ ಹುಡುಗ ಹುಡುಗಿಯರಿಗೆ ಕೆಲವು ತಿಂಗಳು ಕಂಪ್ಯೂಟರನ್ನೂ ಕಚೇರಿ ಕೆಲಸವನ್ನೂ ಕಲಿಸಿ, ಬಸ್ಸಿಗಾಗುವಷ್ಟು ಸ್ಟೈಪೆಂಡ್ ಕೊಟ್ಟು, ಕೊನೆಗೆ ಎಲ್ಲಾದರೂ ಕೆಲಸಕ್ಕೆ ಹಚ್ಚುತ್ತಾರಂತೆ. ಸೀಟು ಕಡಿಮೆ. ಮುಂದಿನ ವರ್ಷಕ್ಕೆ ಇವಳ ವಯಸ್ಸು ಮಿತಿ ದಾಟುತ್ತಿತ್ತು. ಈ ಸಲ ಆದರೆ ಆಯಿತು, ಇಲ್ಲದಿದ್ದರೆ ಅಮ್ಮನ ಜೊತೆ ಈಳಿಗೆಮಣೆ ಹಿಡಿಯುವುದೇ.

ಅದಕ್ಕೇ ಚಿಕ್ಕತ್ತೆ ಅವಳನ್ನು ನನ್ನ ಹತ್ತಿರ ಕಳಿಸಿದ್ದು. "ನೀನು ಕಾನ್ವೆಂಟಲ್ಲಿ ಓದ್ದೋಳು, ಹೆಂಗೆ ಹೋಗ್ಬೇಕು, ಹೆಂಗೆ ಮಾತಾಡ್ಬೇಕು ಅಂತ ನಿಂಗೊತ್ತು. ನಿನ್ನದೊಂದು ಒಳ್ಳೇ ಸೀರೆ ಉಡ್ಸಿ ಕರ್ಕೊಂಡು ಹೋಗು ತಾಯಿ. ಗತಿಗೆಟ್ಟೋರ ಹಂಗೆ ಕಾಣ್ಬಾರ್ದು" ಎಂದಿದ್ದರು. ನಮ್ಮಲ್ಲಿ ಅದೊಂದು ರೂಢಿ. ಆಸ್ಪತ್ರೆಗೆ ಹೋಗಲಿ, ಕೋರ್ಟಿಗೆ ಹೋಗಲಿ, ಕೈಯೊಡ್ಡಲೆಂದೇ ಹೋಗಲಿ, ಪೆಟ್ಟಿಗೆಯ ತಳದಲ್ಲಿರುವುದನ್ನು ಉಟ್ಟುಕೊಂಡೇ ಹೋಗಬೇಕು. ನಮ್ಮಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯ ಪೆಟ್ಟಿಗೆಯದಾದರೂ ಸರಿ.

ನಾನು ಶಿವಮೊಗ್ಗದಲ್ಲಿ ಸಿಸ್ಟರ್‌ಗಳ ಕೈಕೆಳಗೆ ಬೆಳೆದವಳು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಉಗುರು ತೋರಿಸಬೇಕಿತ್ತು, ಕರ್ಚೀಫು ತೋರಿಸಬೇಕಿತ್ತು. ಆ ಅಭ್ಯಾಸಕ್ಕೆ ಇಂಥದ್ದೊಂದು ಕೆಲಸ ಸಿಕ್ಕರೆ ಹಬ್ಬ. ಬೀರುವಿನಿಂದ ನನ್ನ ತಿಳಿ ನೇರಳೆ ರೇಷ್ಮೆ ಸೀರೆ ತೆಗೆದೆ. ರವಿಕೆ ಅವಳಿಗೆ ಸಡಿಲ. ಎರಡೂ ಕಂಕುಳಿನ ಹತ್ತಿರ ಕಚ್ಚು ಹೊಲಿಗೆ ಹಾಕಿ ಹಿಡಿಸಿದೆ. ನೆರಿಗೆಗಳನ್ನು ಬೆರಳಲ್ಲಿ ಅಳೆದು ಪಿನ್ನು ಹಾಕಿದೆ. ನನ್ನ ಚಪ್ಪಲಿ ಅವಳ ಕಾಲಿಗೆ ಚಿಕ್ಕದಾಯಿತು. ಅವಳ ಚಪ್ಪಲಿಯ ಬಾರು ಒಂದು ಕಡೆ ದಾರದಲ್ಲಿ ಹೊಲಿದದ್ದು, ಅದು ಕಾಣದಿರಲೆಂದು ಸೀರೆಯನ್ನು ಒಂದಿಷ್ಟು ಇಳಿಸಿಯೇ ಉಡಿಸಿದೆ. ಆಮೇಲೆ ನೋಡಿದರೆ ಕೈ ಬೋಳು. ನನ್ನ ಮದುವೆಯ ಚಿನ್ನದ ಬಳೆಗಳಲ್ಲಿ ಒಂದು ಜೊತೆ ತೆಗೆದು, ಅವಳ ಕೈಗೆ ಸೋಪು ಹಚ್ಚಿ, ಗೆಣ್ಣು ಒತ್ತಿ ಏರಿಸಿದೆ. "ಅಯ್ಯೋ ಅತ್ತಿಗೆ, ಬಸ್ಸಲ್ಲಿ ಯಾರಾದ್ರೂ ಕಿತ್ಕೊಂಡ್ರೆ?" ಎಂದಳು.

"ಕೈ ಸಮೇತ ಕಿತ್ಕೋಬೇಕು, ಹಂಗೆ ಕೂತಿದೆ. ಸುಮ್ನಿರು."

ಕನ್ನಡಿಯ ಮುಂದೆ ನಿಲ್ಲಿಸಿದೆ. ಅವಳು ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳಲಿಲ್ಲ, ನನ್ನನ್ನು ನೋಡಿದಳು. ನನಗೆ ಖುಷಿಯಾಗಿದೆ ಎಂದು ಕಂಡು ತಾನೂ ನಕ್ಕಳು. ಇಂದು ನೆನೆದರೆ ಮೊದಲು ಕಣ್ಣಿಗೆ ಬರುವುದು ಆ ನಗು.

ಶಿವಮೊಗ್ಗದ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಕೊಡಲಿಲ್ಲ, ಧೂಳು ಬೀಳುತ್ತದೆಂದು. ದಾರಿಯುದ್ದಕ್ಕೂ ಪಾಠ ಹೇಳಿದೆ. ಒಳಗೆ ಹೋಗುವಾಗ ಕೇಳಿ ಹೋಗು. ಕೂರು ಅನ್ನುವವರೆಗೆ ಕೂರಬೇಡ. ಕೇಳಿದ್ದಕ್ಕೆ ಮಾತ್ರ ಉತ್ತರ, ಮನೆಯ ಗೋಳೆಲ್ಲ ಹೇಳಬೇಡ. ಅವಳು ಪ್ರತಿಯೊಂದಕ್ಕೂ ತಲೆಯಾಡಿಸಿದಳು. ಕಂಡಕ್ಟರ್ ಟಿಕೆಟ್ ಹರಿಯುತ್ತಾ ಅವಳನ್ನು ನೋಡಿ, ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸಿಗೆ "ಸ್ವಲ್ಪ ಆಕಡೆ ಸರಿಯಮ್ಮ, ಸೀರೆಗೆ ತಾಗುತ್ತೆ" ಎಂದ. ಆ ಹೆಂಗಸು ಬುಟ್ಟಿಯನ್ನು ಎದೆಗವಚಿಕೊಂಡಳು. ನಾದಿನಿ ಏಳಲು ನೋಡಿದಳು. ನಾನು ತೊಡೆಯ ಮೇಲೆ ಕೈಯಿಟ್ಟು ಕೂರಿಸಿದೆ, ನೆರಿಗೆ ಹಾಳಾಗುತ್ತದೆಂದು.

ತರಬೇತಿ ಕೇಂದ್ರ ಎಂದರೆ ಒಂದು ಉದ್ದನೆಯ ಹಾಲು. ಒಂದು ತುದಿಯಲ್ಲಿ ಮೇಜು ಹಾಕಿಕೊಂಡು ಒಬ್ಬ ಮೇಡಂ, ಅವರ ಪಕ್ಕ ಒಬ್ಬ ಗುಮಾಸ್ತರು. ಉಳಿದ ಜಾಗದಲ್ಲೆಲ್ಲ ಬೆಂಚುಗಳು, ಬೆಂಚಿನ ತುಂಬ ಹುಡುಗ ಹುಡುಗಿಯರು. ಇಂಟರ್‌ವ್ಯೂಗೆಂದು ಬೇರೆ ಕೋಣೆಯಿಲ್ಲ, ಮರೆಯಿಲ್ಲ. ಮೇಜಿನ ಬಳಿ ಕೇಳುವ ಪ್ರಶ್ನೆ ಬಾಗಿಲಿನವರೆಗೂ ಕೇಳುತ್ತಿತ್ತು.

ನಾವು ಒಳಗೆ ಬಂದದ್ದೇ ತಡ, ಬಾಗಿಲ ಬಳಿಯ ಹುಡುಗರಿಬ್ಬರು ಎದ್ದು ನಿಂತರು. ಒಬ್ಬ ನಾದಿನಿಗೆ, "ಮೇಡಂ, ಇವತ್ತೇ ರಿಸಲ್ಟ್ ಹೇಳ್ತೀರಾ?" ಎಂದು ಕೇಳಿದ.

"ನಾನೂ ಇಂಟರ್‌ವ್ಯೂಗೇ ಬಂದಿರೋದು" ಎಂದಳು ಇವಳು ಮೆಲ್ಲಗೆ.

"ಹೌದಾ? ನಾನು ಪಾಠ ಹೇಳೋ ಮೇಡಂ ಅಂದ್ಕೊಂಡೆ. ನೋಡೋ, ಸುಮ್ನೆ ಎದ್ವಿ" ಎಂದು ಪಕ್ಕದವನಿಗೆ ಗುದ್ದಿದ. ಪಕ್ಕದವನು, "ಕೂತ್ಕೋ, ಹೆಂಗೂ ನಾವು ಎದ್ದು ನಿಲ್ಲೋದಕ್ಕೇ ಹುಟ್ಟಿರೋದು. ನಮ್ಮಪ್ಪ ಶಂಕರಘಟ್ಟದ ಯೂನಿವರ್ಸಿಟಿಗೆ ಹೋಗಿ ಎಂ.ಎ. ಮಾಡು ಅಂತಾರೆ. ಓದ್ತಾ ಇದ್ರೆ ನಿರುದ್ಯೋಗಿ ಅಂತ ಯಾರೂ ಅನ್ನಲ್ವಂತೆ" ಎಂದ. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಮ್ಮ ಹುಡುಗಿಯನ್ನು ಮೇಡಂ ಎಂದುಕೊಂಡರಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಆ ಬೆಂಚುಗಳಲ್ಲಿ ಬೇರೆ ಯಾರ ಮೈಮೇಲೂ ರೇಷ್ಮೆ ಇರಲಿಲ್ಲ. ಕಾಲರ್ ತಿರುಗಿಸಿ ಹೊಲಿದ ಅಂಗಿಗಳು, ಒಗೆದೊಗೆದು ಹೂವು ಮಾಸಿದ ಚೂಡಿದಾರಗಳು. ಅದನ್ನೆಲ್ಲ ನಾನು ನೋಡಿದೆ. ನೋಡಿಯೂ ನನಗೆ ಬೇರೇನೂ ಹೊಳೆಯಲಿಲ್ಲ.

ಅವಳ ಹೆಸರು ಕರೆದರು. ಹೋದಳು, ಕೇಳಿ ನಿಂತಳು, ಹೇಳಿದ ಮೇಲೆ ಕೂತಳು. ನಾನು ಮೊದಲ ಬೆಂಚಿಗೆ ಸರಿದು ಕೂತೆ. ಗುಮಾಸ್ತರು ಅವಳನ್ನು ಮೇಲಿಂದ ಕೆಳಗೆ ನೋಡಿ, "ಮೇಡಂ, ಇವ್ರು ಮದುವೆ ಮನೆಯಿಂದ ಸೀದಾ ಇಲ್ಲಿಗೇ ಬಂದಂಗಿದೆ" ಎಂದರು. ಹಿಂದೆ ನಗು ಕೇಳಿಸಿತು. ಮೇಡಂ ನಗಲಿಲ್ಲ. ಕನ್ನಡಕ ಮೂಗಿನ ತುದಿಗೆ ಜಾರಿಸಿ ಕಾಗದಗಳನ್ನು ನೋಡುತ್ತಿದ್ದರು. ಬಳಲಿದ ಮುಖ, ಹತ್ತಿಯ ಸೀರೆ, ಎಡಗೈಯಲ್ಲಿ ಒಂದು ವಾಚು ಬಿಟ್ಟರೆ ಏನೂ ಇಲ್ಲ.

"ತಂದೆ ಏನು ಮಾಡ್ತಾರಮ್ಮ?"

ಅವಳು ಬಾಯಿ ತೆರೆದಳು. ಅವಳು ಏನು ಹೇಳುತ್ತಿದ್ದಳೋ ಗೊತ್ತಿಲ್ಲ, ಏಕೆಂದರೆ ನಾನೇ ಬೆಂಚಿನಿಂದ ಎದ್ದು ಹೇಳಿಬಿಟ್ಟೆ: "ಫ್ಯಾಕ್ಟರಿಲಿದ್ದಾರೆ ಮೇಡಂ."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಭದ್ರಾವತಿಯಲ್ಲಿ ಮನೆಯ ಗಂಡಸಿನ ಬಗ್ಗೆ ಕೇಳಿದರೆ ಅದೇ ಉತ್ತರ. ಖಾಯಮ್ಮೋ, ಗುತ್ತಿಗೆಯೋ, ಒಳಗಿದ್ದಾರೋ ಹೊರಗೆ ಬಿದ್ದು ಕಾಲವಾಯಿತೋ, ಅದನ್ನು ಕೇಳುವವರೂ ಕೆದಕುವುದಿಲ್ಲ, ಹೇಳುವವರೂ ಬಿಡಿಸುವುದಿಲ್ಲ. ಹೆಣ್ಣು ಕೇಳಲು ಬಂದವರಿಗೂ ಹಾಗೇ, ರೇಷನ್ ಅಂಗಡಿಯ ಸಾಲಿನಲ್ಲೂ ಹಾಗೇ. ಅಷ್ಟು ಜನ ಕಿವಿಗೊಟ್ಟಿರುವ ಹಾಲಿನಲ್ಲಿ ಚಿಕ್ಕಮಾವ ಕೆಲಸವಿಲ್ಲದೆ ಮೂಲೆಯಲ್ಲಿ ಕೆಮ್ಮುತ್ತಾ ಕೂತಿದ್ದಾರೆ ಎನ್ನಲು ನನ್ನ ನಾಲಿಗೆ ಏಳಲಿಲ್ಲ.

ಮೇಡಂ ಕಾಗದದಿಂದ ತಲೆಯೆತ್ತಿದರು. "ಫ್ಯಾಕ್ಟರಿಯಲ್ಲಾ? ಮತ್ತೆ ಈ ಆದಾಯ ಪತ್ರದಲ್ಲಿ ಇಷ್ಟು ಕಮ್ಮಿ ತೋರಿಸಿದೆ? ಎಲ್ಲಿ ಮಾಡಿಸಿದ್ರಿ ಇದನ್ನ?"

"ತಾಲೂಕು ಆಫೀಸಲ್ಲಿ ಮೇಡಂ" ಎಂದಳು ನಾದಿನಿ.

"ಅದು ಸೀಲಿನಲ್ಲೇ ಇದೆ. ಹೇಗೆ ಮಾಡಿಸಿದ್ರಿ ಅಂತ ಕೇಳ್ತಿದೀನಿ." ಅವರು ದನಿಯೇರಿಸಲಿಲ್ಲ. "ನೋಡಮ್ಮ, ಹಿಂದೆ ಕೂತಿದಾರಲ್ಲ, ಅವರಲ್ಲಿ ಅರ್ಧ ಜನಕ್ಕೆ ನಾನು ಇಲ್ಲ ಅನ್ನಬೇಕು. ತಂದೆ ಫ್ಯಾಕ್ಟರಿ ನೌಕರರು, ಕೈಯಲ್ಲಿ ಚಿನ್ನ ಇದೆ, ಮೈಮೇಲೆ ರೇಷ್ಮೆ ಇದೆ. ಇಂಥ ಮನೆಯವರೇ ಪತ್ರ ಮಾಡಿಸಿಕೊಂಡು ಬಂದ್ರೆ ಅವರು ಎಲ್ಲಿಗೆ ಹೋಗಬೇಕು?"

ಆಗಲೇ ನಕ್ಕಿದ್ದ ಹುಡುಗರ ಮುಖ ನೋಡಿದೆ. ಈಗ ನಗುತ್ತಿರಲಿಲ್ಲ. ಕಳ್ಳನನ್ನು ನೋಡುವ ಹಾಗೆ ನೋಡುತ್ತಿದ್ದರು. ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ಅವಳನ್ನು.

ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಏನು ಬರೆಯುತ್ತಾರೋ. ಸೀಟು ಹೋಗುವುದು ಒಂದು, ಸುಳ್ಳು ಪತ್ರ ತಂದವಳು ಎಂದು ಹೆಸರಿನ ಮುಂದೆ ಬಿದ್ದರೆ ಅವಳು ಮತ್ತೆ ಯಾವ ಸರ್ಕಾರಿ ಮೆಟ್ಟಿಲು ಹತ್ತುವುದು? ನಾನು ಮೇಜಿನ ಬಳಿ ಓಡಿದೆ. "ಮೇಡಂ, ಬಳೆ ನನ್ನದು. ಸೀರೆ ನನ್ನದು. ಅವಳದ್ದು ಏನೂ ಅಲ್ಲ. ನೋಡಿ ಬೇಕಾದ್ರೆ" ಎಂದು ಅವಳ ಕೈ ಹಿಡಿದು ಬಳೆ ಎಳೆಯತೊಡಗಿದೆ.

"ಬಿಡೀಮ್ಮ, ನಾನೇನು ಬಿಚ್ಚಿ ಅಂದ್ನಾ?" ಎಂದರು ಮೇಡಂ.

"ಅತ್ತಿಗೆ, ಬೇಡ" ಎಂದಳು ಅವಳು.

ನಾನು ಬಿಡಲಿಲ್ಲ. ಸೋಪಿಲ್ಲದೆ ಬಳೆ ಗೆಣ್ಣು ದಾಟಲಿಲ್ಲ, ಚರ್ಮ ಸುಕ್ಕಾಗಿ ಕೆಂಪಗೆ ಒಟ್ಟಾಯಿತು. ಹಿಂದಿನಿಂದ ಯಾರೋ ಒಬ್ಬ ಹುಡುಗಿ ಎದ್ದು ಬಂದಳು. ತನ್ನ ಟಿಫನ್ ಡಬ್ಬಿಗೆ ಸುತ್ತಿದ್ದ ಪ್ಲಾಸ್ಟಿಕ್ ಕವರ್ ಬಿಚ್ಚಿ, "ಅಕ್ಕ, ಇದನ್ನ ಕೈಗೆ ಹಾಕಿ ಎಳೀರಿ, ಬಳೆಗಾರರು ಹಿಂಗೇ ತೆಗೆಯೋದು" ಎಂದು ಕೊಟ್ಟಳು. ಚಿತ್ರಾನ್ನದ ಎಣ್ಣೆ ಅಂಟಿದ್ದ ಕವರು. ಅದನ್ನು ಅವಳ ಕೈಗೆ ತೊಡಿಸಿ ನಾನು ಎಳೆದೆ. ಒಂದು ಬಂತು. ಇನ್ನೊಂದು ಕೈ ಹಿಡಿದೆ. ಅವಳು ಈಗ ಬೇಡ ಎನ್ನಲೂ ಇಲ್ಲ. ಇಂಜೆಕ್ಷನ್‌ಗೆ ತೋಳು ಕೊಟ್ಟ ಮಗುವಿನಂತೆ ಮುಖ ಆಕಡೆ ತಿರುಗಿಸಿಕೊಂಡು ಕೈ ಬಿಟ್ಟುಕೊಟ್ಟಿದ್ದಳು. ಎರಡೂ ಬಳೆ ಮೇಜಿನ ಮೇಲಿಟ್ಟೆ, ಯಾರೋ ಕೇಳಿದ್ದರೆಂಬಂತೆ.

ಗುಮಾಸ್ತರು, "ಚಿನ್ನ ಬಿಚ್ಚಿಟ್ಟ ತಕ್ಷಣ ಬಡವರಾಗಿಬಿಡ್ತಾರಾ?" ಎಂದರು.

ಆಗ ಅವಳು ಮಾತಾಡಿದಳು. ಸೆರಗನ್ನು ಕೈಮೇಲೆ ಎಳೆದುಕೊಂಡು, ಗುಮಾಸ್ತರ ಕಡೆ ನೋಡದೆ ಮೇಡಂ ಅವರ ಮುಖವನ್ನೇ ನೋಡಿ ಹೇಳಿದಳು. "ನಮ್ಮಪ್ಪ ಗುತ್ತಿಗೆ ಕೂಲಿಗಿದ್ರು ಮೇಡಂ. ಈಗ ಕೆಲಸ ಇಲ್ಲ. ಇದ್ರೂ ಮಾಡೋಕಾಗಲ್ಲ, ಉಬ್ಬಸ. ಅಮ್ಮ ಅಡುಗೆಯೋರ ಜೊತೆ ಹೋಗ್ತಾರೆ. ಮುಹೂರ್ತ ಇಲ್ಲದ ತಿಂಗಳಲ್ಲಿ ಅದೂ ಇಲ್ಲ. ಆಗ ಇವ್ರ ಮನೆಯಿಂದ ಅಕ್ಕಿ ತರ್ತೀವಿ." ಇವ್ರ ಎನ್ನುವಾಗ ಗಲ್ಲವನ್ನು ನನ್ನ ಕಡೆ ತುಸು ಎತ್ತಿದಳು. "ನಂಗೆ ಟೈಪಿಂಗ್ ಬರುತ್ತೆ. ಬೇಕಾದ್ರೆ ಈಗ್ಲೇ ಹೊಡೆದು ತೋರಿಸ್ತೀನಿ."

"ಇದನ್ನೇ ಮೊದಲು ಹೇಳಬಾರದಿತ್ತಾ?" ಎಂದರು ಮೇಡಂ.

ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಮೇಡಂ ಜನ್ನಾಪುರದಲ್ಲಿ ಯಾವ ಕಡೆ ಮನೆ, ಮೇಸ್ತ್ರಿ ಯಾರು, ಅಕ್ಕಿ ಎಷ್ಟು ಸಲ ತರುತ್ತೀರಿ ಎಂದೆಲ್ಲ ಕೇಳಿದರು. ಅವಳು ಒಂದೊಂದಕ್ಕೂ ಹೇಳಿದಳು. ಬಸ್ಸಿನಲ್ಲಿ ನಾನು ಹೇಳಬೇಡ ಎಂದಿದ್ದನ್ನೆಲ್ಲ ಹೇಳಬೇಕಾಯಿತು. ಪಕ್ಕದ ಕೋಣೆಯ ಟೈಪ್‌ರೈಟರಿನ ಮುಂದೆ ಕೂರಿಸಿದರು. ಬಾಗಿಲ ಸಂದಿಯಿಂದ ಅವಳ ಬೆನ್ನು ಕಾಣುತ್ತಿತ್ತು. ರವಿಕೆಯ ಕಚ್ಚು ಹೊಲಿಗೆ ಒಂದು ಕಡೆ ಬಿಟ್ಟುಕೊಂಡಿತ್ತು. ಬಳೆ ಎಳೆಯುವಾಗ ಬಿಟ್ಟಿರಬೇಕು. ಕೀಲಿಗಳ ಸದ್ದು ಮಾತ್ರ ಎಲ್ಲೂ ತಡವರಿಸಲಿಲ್ಲ.

ಮಧ್ಯಾಹ್ನ ಹೆಸರುಗಳನ್ನು ಓದಿದರು. ಅವಳ ಹೆಸರಿತ್ತು. ಕವರ್ ಕೊಟ್ಟ ಹುಡುಗಿಯ ಹೆಸರಿರಲಿಲ್ಲ. ಆ ಹುಡುಗಿ ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡು ಬಂದು ನಾದಿನಿಗೆ "ಒಳ್ಳೇದಾಯ್ತು ಬಿಡಿ" ಎಂದಳು. ಅವಳ ಕವರು ನನ್ನ ಬ್ಯಾಗಿನಲ್ಲಿ ಬಳೆ ಸುತ್ತಿಕೊಂಡು ಕೂತಿತ್ತು. ಕೊಡೋಣವೆಂದು ಬ್ಯಾಗು ತೆರೆದೆ. ಎಲ್ಲರ ಮುಂದೆ ಮತ್ತೆ ಚಿನ್ನ ಹೊರತೆಗೆಯಬೇಕಲ್ಲ ಎಂದು ಮುಚ್ಚಿದೆ.

ವಾಪಸು ಬಸ್ಸಿನಲ್ಲಿ ಅವಳೇ ಕಿಟಕಿಯ ಪಕ್ಕ ಕೂತಳು. ಸೀಟು ಸಿಕ್ಕ ಖುಷಿಯನ್ನು ಅವಳ ಮುಖದಲ್ಲಿ ಹುಡುಕಿದೆ. ಇತ್ತೇನೋ, ನನಗೆ ತೋರಿಸುವ ಮನಸ್ಸಿರಲಿಲ್ಲ. ಕೊನೆಗೆ ಅವಳೇ ಮಾತು ಶುರು ಮಾಡಿದಳು.

"ಅತ್ತಿಗೆ, ಸೀರೆ ಬೆವರಾಗಿದೆ. ರೇಷ್ಮೆ ಮನೇಲಿ ಒಗೀಬಾರ್ದು ಅಲ್ವಾ? ಲಾಂಡ್ರಿಗೆ ಕೊಟ್ಟು ತಂದು ಕೊಡ್ತೀನಿ."

"ಏನೂ ಬೇಡ ಕಣೇ. ಅದು ನಿಂಗೇ ಇರ್ಲಿ. ಚೆನ್ನಾಗಿ ಕಾಣುತ್ತೆ ನಿಂಗೆ."

"ಇಟ್ಕೊಂಡು ಎಲ್ಲಿ ಉಡ್ಲಿ?" ಎಂದಳು. ಚುಚ್ಚಬೇಕೆಂದು ಹೇಳಿದ ದನಿಯಲ್ಲ. ನಿಜಕ್ಕೂ ಯೋಚಿಸಿ, ಉಡುವ ಜಾಗ ಯಾವುದೂ ತೋಚದೆ ಕೇಳಿದ ದನಿ.

ಅವಳು ಮೊಣಕೈಯನ್ನು ಕಿಟಕಿಗೆ ಒರಗಿಸಿದಾಗ ಗೆಣ್ಣುಗಳ ಮೇಲೆ ತರಚಿದ ಗೆರೆ ಕಂಡಿತು. ಮನೆಗೆ ಹೋದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿಕೋ ಎಂದು ಹೇಳಲು ಹೊರಟೆ. ಎಣ್ಣೆ ನಮ್ಮ ಮನೆಯದೇ ಕೊಡಬೇಕು, ಅದನ್ನೂ ಅವಳು ನಮ್ಮ ಮನೆಯಿಂದ ತರುವವುಗಳ ಸಾಲಿಗೆ ಸೇರಿಸಿಕೊಳ್ಳುತ್ತಾಳೆ ಅನಿಸಿತು. ಮುಹೂರ್ತವಿಲ್ಲದ ತಿಂಗಳುಗಳಲ್ಲಿ ಅಕ್ಕಿ ಅಳೆದು ಕೊಡುವಾಗ ನಾನು ಯಾವತ್ತೂ ಯಾರಿಗೂ ಹೇಳಿರಲಿಲ್ಲ, ನಮ್ಮವರ ಹತ್ತಿರವೂ ಎತ್ತಿ ಆಡಿರಲಿಲ್ಲ. ಅದೇ ದೊಡ್ಡತನ ಎಂದುಕೊಂಡಿದ್ದೆ. ನಾನು ಮುಚ್ಚಿಟ್ಟದ್ದನ್ನು ಅವಳೇ ಅಷ್ಟು ಜನರೆದುರು ಬಿಚ್ಚಿ ಹೇಳುವಂತೆ ಮಾಡಿದವಳೂ ನಾನೇ. ನಾನು ಮೊದಲಿಗೇ ಬಾಯಿ ಮುಚ್ಚಿಕೊಂಡು ಕೂತಿದ್ದರೆ, ಮೇಡಂ ಕೇಳಿದ್ದಕ್ಕೆ ಅವಳು ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದಳು. ಆ ಬೆಂಚಿನವರೆಲ್ಲ ಹಾಗೇ ಹೇಳಿ ಹೋಗಿದ್ದರು. ಅವರಲ್ಲಿ ಯಾರೂ ತಲೆ ತಗ್ಗಿಸಿದ್ದು ನಾನು ಕಾಣಲಿಲ್ಲ.

ಮನೆಗೆ ಬಂದ ಕೂಡಲೇ ಅವಳು ಬಚ್ಚಲಿಗೆ ಹೋಗಿ ತನ್ನ ಹಳೆಯ ಸೀರೆ ಉಟ್ಟು ಬಂದಳು. ನನ್ನ ಸೀರೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿ, ಪಿನ್ನುಗಳನ್ನು ಒಂದು ಕಾಗದದ ಚೂರಿಗೆ ಚುಚ್ಚಿ ಅದರ ಮೇಲಿಟ್ಟಳು. ಒಂದೂ ಕಳೆದಿರಲಿಲ್ಲ. ಊಟ ಮಾಡಿ ಹೋಗು ಎಂದರೆ, "ಅಮ್ಮ ದಾರಿ ನೋಡ್ತಿರ್ತಾರೆ ಅತ್ತಿಗೆ, ಸೀಟು ಸಿಕ್ತು ಅಂತ ಹೇಳ್ಬೇಕು" ಎಂದಳು. ಅಮ್ಮನ ಮಾತು ಬಂದಾಗ ಮಾತ್ರ ಮುಖ ಸ್ವಲ್ಪ ಬೆಳಗಿತು.

"ಅಮ್ಮಂಗೆ..." ಎಂದೆ.

"ಅದೆಲ್ಲ ಯಾಕೆ ಹೇಳ್ಲಿ? ನೀವು ಜೊತೇಲಿದ್ರಿ, ಅದಕ್ಕೇ ಆಯ್ತು ಅಂತ ಹೇಳ್ತೀನಿ."

ಗೇಟಿನವರೆಗೆ ಬಿಡಲು ಹೋದೆ. ಪಕ್ಕದ ಕ್ವಾರ್ಟರ್ಸಿನವರು ಕಾಂಪೌಂಡಿನ ಆಚೆ ತಂತಿಯ ಮೇಲಿನ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಒಳ್ಳೆಯ ಹೆಂಗಸು, ನನ್ನ ಮಗಳ ಜ್ವರಕ್ಕೆ ರಾತ್ರಿಯಿಡೀ ಕೂತವರು. ಬಾಯಲ್ಲಿ ಬಟ್ಟೆ ಕ್ಲಿಪ್ಪು ಕಚ್ಚಿಕೊಂಡೇ, "ಏನ್ರೀ, ಬೆಳಿಗ್ಗೆ ಇಬ್ರೂ ಭಾರೀ ಸಿಂಗಾರದಲ್ಲಿ ಹೊರಟಿದ್ರಿ?" ಎಂದರು.

ಏನಾದರೊಂದು ಹೇಳಿ ಜಾರಿಕೊಳ್ಳಬಹುದಿತ್ತು. ಶಿವಮೊಗ್ಗದಲ್ಲಿ ಕೆಲಸವಿತ್ತು ಎಂದರೆ ಸಾಕಿತ್ತು. ನಾದಿನಿಯ ಕಡೆ ನೋಡಿದೆ. ಅವಳು ಗೇಟಿನ ಅಗುಳಿಯ ಮೇಲೆ ಕೈಯಿಟ್ಟು ನಿಂತಿದ್ದಳು, ನಾನು ಏನು ಹೇಳುತ್ತೇನೆಂದು ಕಾಯುವವಳಂತೆ.

"ಇವಳ ಇಂಟರ್‌ವ್ಯೂ ಇತ್ತು. ಕೆಲಸ ಇಲ್ಲದ ಬಡವರ ಮಕ್ಕಳಿಗೆ ಸರ್ಕಾರದೋರು ಟ್ರೈನಿಂಗ್ ಕೊಡ್ತಾರಲ್ಲ, ಅದು. ಸಿಕ್ತು" ಎಂದೆ.

ಅವರು ಕ್ಲಿಪ್ಪನ್ನು ಬಾಯಿಂದ ತೆಗೆದು ಬುಟ್ಟಿಗೆ ಹಾಕಿ, ಮುಂದಿನ ಬಟ್ಟೆಗೆ ಕೈ ಚಾಚಿದರು.

"ಸಿಗದೆ ಏನ್ರೀ, ಸರ್ಕಾರದೋರು ಈಗ ಯಾರು ಹೋಗಿ ನಿಂತ್ರೂ ಕೊಡ್ತಾರೆ."